ಬಯಲು, ಇರುಳು, ನಾದ: ಕುರ್ಲಾ ಪರಿಸರದ ರಾಕ್ ಕೂಟಗಳ ಚರಿತ್ರೆಗೆ ಒಂದು ಪ್ರವೇಶಿಕೆ

ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಬದುಕನ್ನು ಕುರಿತು ಈವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಸಂಘ-ಸಂಸ್ಥೆಗಳ, ರಾತ್ರಿಶಾಲೆಗಳ, ಪತ್ರಿಕೆಗಳ ಹಾಗೂ ರಂಗಭೂಮಿಯ ಚರಿತ್ರೆಗಳಾಗಿವೆ. 1902ರಲ್ಲಿ ಆರಂಭವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮಾಟುಂಗದ ಮೈಸೂರು ಅಸೋಸಿಯೇಶನ್, 1927ರ ಬಂಟರ ಸಂಘ - ಇವುಗಳ ವೃತ್ತಾಂತ ನಮಗೆ ಸಾಕಷ್ಟು ಪರಿಚಿತವಾಗಿದೆ. ಇದು ಅವಶ್ಯಕವಾದ ಕೆಲಸವೇ ಹೌದು. ಆದರೆ ಇಲ್ಲೊಂದು ಕೊರತೆಯಿದೆ. ವೇದಿಕೆಯ ಮೇಲೆ ನಿಂತವರ ಚರಿತ್ರೆಯನ್ನು ಬರೆದಷ್ಟು ಶ್ರದ್ಧೆಯಿಂದ ನಾವು ಎದುರಿಗೆ ಕುಳಿತವರ, ನಿಂತವರ ಚರಿತ್ರೆಯನ್ನು ಬರೆದಿಲ್ಲ. ಅದರಲ್ಲಿಯೂ, ಈ ಸಂಘಗಳನ್ನು ಕಟ್ಟಿದವರ ಮಕ್ಕಳು ಮತ್ತು ಮೊಮ್ಮಕ್ಕಳು ನಗರದ ಉಳಿದ ತರುಣರೊಡನೆ ಸೇರಿ ಯಾವ ನಾದವನ್ನು ಅರಸಿಕೊಂಡು ಯಾವ ಬಯಲಿಗೆ ಹೋದರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದೇ ಕಡಿಮೆ.

ಪ್ರಸ್ತುತ ಲೇಖನದಲ್ಲಿ ಕುರ್ಲಾ ಮತ್ತು ಅದಕ್ಕೆ ಹೊಂದಿಕೊಂಡ ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಕೇಂದ್ರವಾಗಿಟ್ಟುಕೊಂಡು, ರಾಕ್ ಮತ್ತು ಹೆವಿ ಮೆಟಲ್ ಸಂಗೀತದ ಬಯಲು ಕೂಟಗಳ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಲು ಯತ್ನಿಸಿದ್ದೇವೆ. ಈ ಸಂಗೀತದ ಗುಣದೋಷಗಳ ವಿಮರ್ಶೆ ನಮ್ಮ ಉದ್ದೇಶವಲ್ಲ. ಸಾವಿರಾರು ಜನ ಒಂದೆಡೆ ನಿಂತು ಕೇಳುವುದಕ್ಕೆ ನಗರವು ಎಲ್ಲಿ, ಯಾವಾಗ, ಎಷ್ಟು ಹೊತ್ತಿನವರೆಗೆ ಎಡೆಗೊಟ್ಟಿತು ಎಂಬುದೇ ನಮ್ಮ ವಿಚಾರ. ಈ ಪ್ರಶ್ನೆ ನಮ್ಮ ಬಯಲಾಟಕ್ಕೂ ಸಂಬಂಧಿಸಿದ್ದೆಂಬುದು ಮುಂದೆ ಸ್ಪಷ್ಟವಾಗುವುದೆಂದು ನಂಬಿದ್ದೇವೆ.

1. ಸ್ಥಳವಿಚಾರ

ಕುರ್ಲಾ ಮೊದಲಿಗೆ ಸಾಷ್ಟಿ ದ್ವೀಪದ ಒಂದು ಹಳ್ಳಿ. ಅದನ್ನು ಊರಾಗಿಸಿದ್ದು ರೈಲು ಮತ್ತು ಗಿರಣಿ. ಜಮಶೇಟಜಿ ಟಾಟಾ ಅವರು 1886ರಲ್ಲಿ ಇಲ್ಲಿಯ ಧರಮ್‌ಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಆ ಮೇಲೆ ಪ್ರೀಮಿಯರ್ ಕಾರು ಕಾರ್ಖಾನೆ ಬಂದಿತು. ಕಮಾನಿ ಉದ್ಯಮಗಳು ಬಂದವು. ಮಧ್ಯ ರೈಲ್ವೆ ಮತ್ತು ಹಾರ್ಬರ್ ಮಾರ್ಗಗಳು ಕೂಡುವ ನಿಲ್ದಾಣವಾದ ಕಾರಣ ಊರು ಸದಾ ಜನಜಂಗುಳಿಯಿಂದ ಕೂಡಿತ್ತು. ಕರಾವಳಿಯಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ನೆಲೆ ಕಂಡ ತುಳು-ಕನ್ನಡಿಗರಿಗೂ ಇದು ಮುಖ್ಯವಾದ ನೆಲೆ. ಬಂಟರ ಸಂಘದ ಭವನ ಕುರ್ಲಾ ಪೂರ್ವದಲ್ಲಿದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಕಲೀನಾದ ವಿದ್ಯಾನಗರಿ ಇಲ್ಲಿಂದ ದೂರವಿಲ್ಲ.

ಕುರ್ಲಾದ ಪಶ್ಚಿಮಕ್ಕೆ, ಮೀಠಿ ನದಿಯ ಎರಡೂ ಬದಿಗೆ, ಉಬ್ಬರವಿಳಿತದ ನೀರು ಬಂದು ಹೋಗುವ ಜವುಗು ನೆಲವಿತ್ತು. 1975ರಲ್ಲಿ ಸ್ಥಾಪಿತವಾದ ಮುಂಬಯಿ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರವನ್ನು 1977ರಲ್ಲಿ ಈ ನೆಲದ ವಿಶೇಷ ಯೋಜನಾ ಪ್ರಾಧಿಕಾರವನ್ನಾಗಿ ನೇಮಿಸಲಾಯಿತು. ದಕ್ಷಿಣ ಮುಂಬಯಿಯ ಕಚೇರಿಗಳ ದಟ್ಟಣೆಯನ್ನು ಇತ್ತ ಹೊರಳಿಸುವುದು ಯೋಜನೆಯ ಗುರಿ. ಸುಮಾರು 370 ಹೆಕ್ಟೇರು ನೆಲವನ್ನು ಮಣ್ಣು ತುಂಬಿಸಿ ಎತ್ತರಿಸಿ, ನಿವೇಶನಗಳನ್ನಾಗಿ ವಿಂಗಡಿಸಲಾಯಿತು. ಆದರೆ ನಿವೇಶನಗಳೆಲ್ಲ ಒಮ್ಮೆಲೇ ಕಟ್ಟಡಗಳಾಗಲಿಲ್ಲ. ಕೊಳ್ಳುವವರು ಬರುವವರೆಗೆ ಅವು ಬಯಲುಗಳಾಗಿಯೇ ಉಳಿದವು. ನಮ್ಮ ಚರಿತ್ರೆಗೆ ಸಂಬಂಧಿಸಿದ್ದು ಈ ಮಧ್ಯಂತರದ ಬಯಲು. ಅದು ಉದ್ಯಾನವೆಂದಾಗಲಿ, ಮೈದಾನವೆಂದಾಗಲಿ ಯಾರೂ ಉದ್ದೇಶಿಸಿ ಬಿಟ್ಟದ್ದಲ್ಲ.

2. ರಂಗಭವನದ ಪರ್ವ

ಕುರ್ಲಾ ಪರಿಸರಕ್ಕೆ ಈ ಸಂಗೀತ ಬರುವುದಕ್ಕೆ ಮೊದಲು ಅದರ ನೆಲೆ ದಕ್ಷಿಣ ಮುಂಬಯಿಯಲ್ಲಿತ್ತು. ಧೋಬಿ ತಲಾವ್ ಬಳಿ, ಸೇಂಟ್ ಝೇವಿಯರ್ ಕಾಲೇಜಿಗೆ ತಾಗಿದಂತೆ ಇರುವ ರಂಗಭವನ ಒಂದು ಬಯಲು ರಂಗಮಂದಿರ. 1978ರಲ್ಲಿ ಆರಂಭವಾದ ಜಾಝ್ ಯಾತ್ರಾ ಉತ್ಸವದಿಂದ ಈ ಸ್ಥಳಕ್ಕೆ ಪಾಶ್ಚಾತ್ಯ ಸಂಗೀತದ ಕೇಳುಗರು ಬಂದು ಸೇರುವ ರೂಢಿ ಬೆಳೆಯಿತು. ಅದಕ್ಕೂ ಮುನ್ನ 1970 ಮತ್ತು 1971ರಲ್ಲಿ ಒಂದು ಸಿಗರೇಟು ಕಂಪನಿಯ ಆಶ್ರಯದಲ್ಲಿ ನಡೆದ ಸಿಮ್ಲಾ ಬೀಟ್ ಸ್ಪರ್ಧೆಗಳು ದೇಶದ ಹಲವು ನಗರಗಳ ವಾದ್ಯತಂಡಗಳನ್ನು ಬೆಳಕಿಗೆ ತಂದಿದ್ದವು. 1980ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಪೊಲೀಸ್ ತಂಡ ಮುಂಬಯಿಯಲ್ಲಿ ಹಾಡಿತು. 1984ರಲ್ಲಿ ಇಲ್ಲಿಯೇ ರಾಕ್ ಮಷೀನ್ ತಂಡ ರೂಪುಗೊಂಡಿತು. ಮುಂದೆ ಅದು ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡಿತು.

1986ರಲ್ಲಿ ರಂಗಭವನದಲ್ಲಿ ಆರಂಭವಾದ ಇಂಡಿಪೆಂಡೆನ್ಸ್ ರಾಕ್ ಈ ಚರಿತ್ರೆಯ ಮುಖ್ಯ ಘಟ್ಟ. ಫರ್ಹಾದ್ ವಾಡಿಯಾ ಅವರು ಸಂಘಟಿಸಿದ ಈ ಉತ್ಸವ ಹೆಸರೇ ಸೂಚಿಸುವಂತೆ ಸ್ವಾತಂತ್ರ್ಯ ದಿನಾಚರಣೆಯ ಸುತ್ತಮುತ್ತ, ಅಂದರೆ ಆಗಸ್ಟಿನ ಮಳೆಯಲ್ಲಿ ನಡೆಯುತ್ತಿತ್ತು. ಒಂದೇ ವೇದಿಕೆಯಲ್ಲಿ ದಿನವಿಡೀ ಹಲವು ತಂಡಗಳು ಸರದಿಯಂತೆ ನುಡಿಸುವ ಪದ್ಧತಿಯನ್ನು ಅದು ನೆಲೆಗೊಳಿಸಿತು. ಟೇಪ್‌ನಿಂದ ಟೇಪಿಗೆ ನಕಲಾಗುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಮಾತ್ರ ಈ ಸಂಗೀತವನ್ನು ಕೇಳಿದ್ದ ಒಂದು ತಲೆಮಾರು, ತನ್ನಂತೆಯೇ ಕೇಳುವವರು ನಗರದಲ್ಲಿ ಇಷ್ಟೊಂದು ಮಂದಿ ಇದ್ದಾರೆಂಬುದನ್ನು ಅಲ್ಲಿ ಕಣ್ಣಾರೆ ಕಂಡುಕೊಂಡಿತು. ಬಯಲು ಕೂಟದ ಪ್ರಯೋಜನ ಬಹುಶಃ ಇದೇ. ಮನೆಯಲ್ಲಿ ಒಬ್ಬಂಟಿಯಾಗಿ ಕೇಳುವ ರುಚಿ ಅಲ್ಲಿ ಒಂದು ಸಮುದಾಯದ ರುಚಿಯಾಗುತ್ತದೆ.

ಇಲ್ಲಿ ವರ್ಗದ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. ಹೆವಿ ಮೆಟಲ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. 1970ರ ಫೆಬ್ರವರಿಯಲ್ಲಿ ಮೊದಲ ಆಲ್ಬಂ ಹೊರತಂದ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿಗಳನ್ನು ಕಳೆದುಕೊಂಡವರು. ಅಲ್ಲಿ ಅದು ಕಾರ್ಮಿಕರ ಮಕ್ಕಳ ಸಂಗೀತ. ಮುಂಬಯಿಯಲ್ಲಿ ಹಾಗಾಗಲಿಲ್ಲ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಿಂದ ಕಾರ್ಮಿಕ ಕೇರಿಗಳು ಜರ್ಝರಿತವಾಗಿದ್ದ ಅದೇ ದಶಕದಲ್ಲಿ, ರಂಗಭವನದಲ್ಲಿ ನೆರೆಯುತ್ತಿದ್ದವರು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಕಾಲೇಜು ತರುಣರು. ಕುರ್ಲಾದ ಗಿರಣಿಗೂ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗೂ ಇದ್ದ ಸಾಮ್ಯ ಸಂಗೀತದಲ್ಲಿ ಫಲಿಸಲಿಲ್ಲ. 1991ರಲ್ಲಿ ಉಪಗ್ರಹ ವಾಹಿನಿಗಳು ಬಂದು, 1993ರಲ್ಲಿ ಅಲಹಾಬಾದಿನಿಂದ ರಾಕ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಹೊರಟು, ಮುಂದೆ ಅಂತರ್ಜಾಲ ಹರಡಿದ ಮೇಲೆಯೇ ಕೇಳುಗರ ವಲಯ ಉಪನಗರಗಳ ಸಾಮಾನ್ಯ ಮನೆಗಳಿಗೆ ವಿಸ್ತರಿಸಿತು. ಹೋಟೆಲು ಕಾರ್ಮಿಕರಾಗಿ ಬಂದ ಕನ್ನಡಿಗರ ಮಕ್ಕಳು ಈ ಕೂಟಗಳತ್ತ ಹೆಜ್ಜೆ ಹಾಕಿದ್ದು ಹೆಚ್ಚಾಗಿ ಈ ಎರಡನೆಯ ಘಟ್ಟದಲ್ಲಿ ಎಂದು ಊಹಿಸಲು ಅವಕಾಶವಿದೆ.

3. ಮೌನವಲಯ

ರಂಗಭವನದ ಪರ್ವ ಮುಗಿದದ್ದು ಕೇಳುಗರ ನಿರಾಸಕ್ತಿಯಿಂದಲ್ಲ. 2000ದ ಫೆಬ್ರವರಿ 14ರಂದು ಕೇಂದ್ರ ಸರಕಾರ ಶಬ್ದಮಾಲಿನ್ಯ ನಿಯಮಗಳನ್ನು ಪ್ರಕಟಿಸಿತು. ಅವುಗಳ ಪ್ರಕಾರ ಆಸ್ಪತ್ರೆ, ಶಾಲಾ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರು ಮೌನವಲಯ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿಯ ಮಿತಿ 40. ಎಲ್ಲೆಡೆಯೂ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2002ರ ತಿದ್ದುಪಡಿ ವರ್ಷಕ್ಕೆ 15 ದಿನ ಮೀರದಂತೆ, ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಲ್ಲಿ ಮಧ್ಯರಾತ್ರಿಯವರೆಗೆ ರಿಯಾಯಿತಿ ನೀಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಚೌಕಟ್ಟನ್ನು ಎತ್ತಿಹಿಡಿಯಿತು.

ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಆಸ್ಪತ್ರೆಗಳು ಇದ್ದ ರಂಗಭವನ ಈ ನಿಯಮದೊಳಗೆ ಉಳಿಯುವುದು ಅಸಾಧ್ಯವಾಗಿತ್ತು. ಆ ಶತಮಾನದ ಮೊದಲ ವರ್ಷಗಳಲ್ಲಿಯೇ ಅಲ್ಲಿಯ ರಾಕ್ ಕೂಟಗಳು ನಿಂತವು. ಉತ್ಸವ ಬೇರೆ ಬೇರೆ ಸ್ಥಳಗಳನ್ನು ಅರಸಿ ಉಪನಗರದತ್ತ ಹೋಯಿತು. ಇಂದು ರಂಗಭವನದ ಓಣಿ ಎಂದೊಡನೆ ದೇಶಕ್ಕೆ ನೆನಪಾಗುವುದು 2008ರ ನವೆಂಬರ್ 26ರ ರಾತ್ರಿ ಅಲ್ಲಿ ಬಲಿಯಾದ ಪೊಲೀಸ್ ಅಧಿಕಾರಿಗಳು. ಅದಕ್ಕೂ ಮೊದಲು ಆ ಹೆಸರಿಗೆ ಇನ್ನೊಂದು ನೆನಪಿತ್ತೆಂಬುದನ್ನು ದಾಖಲಿಸುವುದು ಚರಿತ್ರಕಾರನ ಕರ್ತವ್ಯ.

ಈ ನಿಯಮಗಳನ್ನು ಕೇವಲ ಸಂಗೀತವಿರೋಧಿ ಎಂದು ತಳ್ಳಿಹಾಕುವುದು ಸರಿಯಲ್ಲ. ರೋಗಿಯ ನಿದ್ರೆಯೂ ವಿದ್ಯಾರ್ಥಿಯ ಓದೂ ಹಕ್ಕುಗಳೇ. ರಾಕ್ ಕೂಟದ ಧ್ವನಿ ವೇದಿಕೆಯ ಬಳಿ 100 ಡೆಸಿಬೆಲ್ ಮೀರುವುದು ಸಾಮಾನ್ಯ. ಕೇಳುವವರ ಕಿವಿಗೂ ಅದರಿಂದ ಅಪಾಯವಿದೆ. ಆದರೆ ಒಂದು ನಗರ ಮೌನವಲಯಗಳನ್ನು ಗುರುತಿಸುವಾಗಲೇ ನಾದಕ್ಕೆ ಸಲ್ಲುವ ಸ್ಥಳಗಳನ್ನೂ ಗುರುತಿಸಬೇಕಾಗುತ್ತದೆ. ಮುಂಬಯಿ ಮೊದಲನೆಯದನ್ನು ಮಾಡಿತು. ಎರಡನೆಯದನ್ನು ಆಕಸ್ಮಿಕಕ್ಕೆ ಬಿಟ್ಟಿತು. ಆ ಆಕಸ್ಮಿಕದ ಹೆಸರೇ ಬಾಂದ್ರಾ-ಕುರ್ಲಾ ಸಂಕೀರ್ಣದ ಬಯಲು.

4. ಕುರ್ಲಾದ ಬಯಲು

ವಸತಿಯಿಂದ ಕೊಂಚ ದೂರ, ಎರಡು ರೈಲು ಮಾರ್ಗಗಳ ನಡುವೆ, ಒಂದೇ ಪ್ರಾಧಿಕಾರದ ಒಡೆತನದಲ್ಲಿ ಇದ್ದ ವಿಶಾಲ ಸಮತಟ್ಟು ನೆಲ ಸಂಘಟಕರಿಗೆ ಅನುಕೂಲವಾಗಿ ಕಂಡದ್ದು ಸಹಜ. 2007ರ ಫೆಬ್ರವರಿ 18ರಂದು ಪಿಂಕ್ ಫ್ಲಾಯ್ಡ್ ತಂಡದ ಸ್ಥಾಪಕ ಸದಸ್ಯ ರೋಜರ್ ವಾಟರ್ಸ್ ಇಲ್ಲಿ ಹಾಡಿದರು. 2008ರ ಫೆಬ್ರವರಿ 1ರಂದು ಐರನ್ ಮೇಡನ್ ತಂಡ ತನ್ನ ವಿಶ್ವಪರ್ಯಟನೆಯ ಮೊದಲ ಕೂಟವನ್ನು ಈ ಬಯಲಿನಲ್ಲಿ ನಡೆಸಿತು. ತಂಡವೂ ಸಲಕರಣೆಗಳೂ ಬಂದದ್ದು ಒಂದೇ ಬೋಯಿಂಗ್ 757 ವಿಮಾನದಲ್ಲಿ. ಅದನ್ನು ನಡೆಸಿದವರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಒಬ್ಬರು. ಆ ಪರ್ಯಟನೆಯ ಬಗ್ಗೆ 2009ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಮುಂಬಯಿಯ ಕೇಳುಗರೂ ದಾಖಲಾಗಿದ್ದಾರೆ. 2012ರ ಡಿಸೆಂಬರ್ 9ರಂದು ಗನ್ಸ್ ಎನ್ ರೋಸಸ್, 2016ರ ನವೆಂಬರ್ 19ರಂದು ಕೋಲ್ಡ್‌ಪ್ಲೇ ಇಲ್ಲಿಗೆ ಬಂದವು. ಎರಡನೆಯದು ನೋಟು ಅಮಾನ್ಯೀಕರಣದ ಹನ್ನೊಂದನೆಯ ದಿನ.

ಈ ಕೂಟಗಳಿಗೆ ಹೋಗುವ ಕ್ರಮವೇ ಒಂದು ಅಧ್ಯಯನಕ್ಕೆ ವಸ್ತು. ಕುರ್ಲಾ ನಿಲ್ದಾಣದ ಪಶ್ಚಿಮಕ್ಕೆ ಇಳಿದು, ಇಕ್ಕಟ್ಟಾದ ಪೇಟೆಬೀದಿಯಲ್ಲಿ ಬಸ್ಸಿಗೋ ಶೇರ್ ರಿಕ್ಷಾಕ್ಕೋ ಕಾದು, ಮೀಠಿಯ ಸೇತುವೆ ದಾಟಿದೊಡನೆ ಗಾಜಿನ ಕಟ್ಟಡಗಳ ಅಗಲ ರಸ್ತೆ ಎದುರಾಗುತ್ತದೆ. ಹತ್ತು-ಹದಿನೈದು ನಿಮಿಷಗಳಲ್ಲಿ ಎರಡು ನಗರಗಳನ್ನು ಕಂಡಂತಾಗುತ್ತದೆ. ನಾವು ಆ ದಾರಿಯಲ್ಲಿ ಹೋದಾಗ ಗಮನಿಸಿದ್ದೆಂದರೆ, ಕಪ್ಪು ಅಂಗಿ ತೊಟ್ಟ ತರುಣರ ಗುಂಪುಗಳು ಪರಸ್ಪರ ಪರಿಚಯವಿಲ್ಲದೆಯೇ ಒಂದರೊಡನೊಂದು ಕೂಡಿಕೊಳ್ಳುತ್ತ ಹೋಗುತ್ತವೆ. ಅಂಗಿಯ ಮೇಲಿನ ತಂಡದ ಹೆಸರೇ ಅವರಿಗೆ ಊರು, ಕುಲ, ಗೋತ್ರ. ಮರಳುವಾಗ ಎಲ್ಲರ ಲೆಕ್ಕಾಚಾರ ಒಂದೇ: ಕೊನೆಯ ಲೋಕಲ್ ಗಾಡಿ. 2024ರ ಅಕ್ಟೋಬರಿನಲ್ಲಿ ಮೆಟ್ರೋದ ಮೂರನೆಯ ಮಾರ್ಗ ಈ ಸಂಕೀರ್ಣದವರೆಗೆ ತೆರೆದ ಮೇಲೆ ಹಾದಿ ಕೆಲವರಿಗೆ ಸುಗಮವಾಯಿತು.

ಬಯಲೊಳಗಿನ ವ್ಯವಸ್ಥೆ ಬೇರೆ. ಟಿಕೆಟಿನ ಬೆಲೆಗೆ ತಕ್ಕಂತೆ ಬೇಲಿ ಹಾಕಿ ವಿಂಗಡಿಸಿದ ಆವರಣಗಳು. ವೇದಿಕೆಯ ಬಳಿ ದುಬಾರಿ ಬೆಲೆಯವರು, ಹಿಂದೆ ಉಳಿದವರು. ಆದರೂ ಕೂಟ ಕಾವೇರಿದಾಗ ಕೇಳುಗರು ತಮ್ಮದೇ ಕಟ್ಟಳೆಗಳನ್ನು ಮಾಡಿಕೊಳ್ಳುತ್ತಾರೆ. ನಡುವೆ ಒಂದು ವೃತ್ತ ಬಿಡುತ್ತದೆ. ತರುಣರು ಅದರೊಳಗೆ ನುಗ್ಗಿ ಮೈಗೆ ಮೈ ತಾಕಿಸುತ್ತಾರೆ. ಬಿದ್ದವನನ್ನು ಸುತ್ತಲಿನವರು ಕೂಡಲೇ ಎತ್ತಿ ನಿಲ್ಲಿಸಬೇಕೆಂಬುದು ಅಲಿಖಿತ ನಿಯಮ. ತೋರುಬೆರಳು ಮತ್ತು ಕಿರುಬೆರಳನ್ನೆತ್ತಿ ತೋರಿಸುವ ಕೊಂಬಿನ ಮುದ್ರೆಯನ್ನು 1979ರಲ್ಲಿ ಬ್ಲ್ಯಾಕ್ ಸಬ್ಬತ್ ಸೇರಿದ ಗಾಯಕ ರೋನಿ ಜೇಮ್ಸ್ ಡಿಯೊ ಪ್ರಚುರಪಡಿಸಿದರು. ಹೊರಗಿನವರಿಗೆ ಗದ್ದಲವಾಗಿ ಕಾಣುವ ಈ ನಡವಳಿಕೆಯಲ್ಲಿ ಒಂದು ಶಿಷ್ಟಾಚಾರವಿದೆ ಎಂಬುದನ್ನು ಕಾಣಬಹುದು.

5. ಬೆಂಗಳೂರಿನ ಸಮಾಂತರ

ಇದೇ ಕಾಲದಲ್ಲಿ ಬೆಂಗಳೂರಿನ ಅರಮನೆ ಮೈದಾನ ಮುಂಬಯಿಯನ್ನೂ ಮೀರಿಸಿದ ಕೇಂದ್ರವಾಯಿತು. ಇಲ್ಲಿಯ ಬಯಲು ಉಳಿದದ್ದೂ ಒಂದು ಬಗೆಯ ಮಧ್ಯಂತರದಿಂದಲೇ: ಅರಮನೆಯ ಸ್ವಾಧೀನ ಕುರಿತ 1996ರ ಕಾಯ್ದೆಯ ಸುತ್ತ ರಾಜಮನೆತನಕ್ಕೂ ಸರಕಾರಕ್ಕೂ ನಡೆದ ವ್ಯಾಜ್ಯದಿಂದಾಗಿ ಆ ನೆಲ ಕಟ್ಟಡಗಳಿಗೆ ತೆರೆದುಕೊಳ್ಳಲಿಲ್ಲ. 2002ರಲ್ಲಿ ರೋಜರ್ ವಾಟರ್ಸ್, 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2008ರಲ್ಲಿ ಮೆಗಾಡೆತ್, 2010ರ ಮೇ 15ರಂದು ಸಮ್ಮರ್ ಸ್ಟಾರ್ಮ್ ಎಂಬ ಬೇಸಗೆಯ ಉತ್ಸವದಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲಿ ನುಡಿಸಿದವು. ಮೆಟಾಲಿಕಾದ ಕೂಟಕ್ಕೆ ಎರಡು ದಿನ ಮೊದಲು ಗುರಗಾಂವಿನಲ್ಲಿ ನಡೆಯಬೇಕಿದ್ದ ಕೂಟ ರದ್ದಾಗಿ ವೇದಿಕೆ ಧ್ವಂಸಗೊಂಡಿತ್ತು. ಬೆಂಗಳೂರಿನಲ್ಲಿ ಅಂಥದೇನೂ ನಡೆಯಲಿಲ್ಲವೆಂಬುದು ಆ ಊರಿನ ಕೇಳುಗರ ಕೀರ್ತಿಗೆ ಸಲ್ಲುತ್ತದೆ. ಮುಂಬಯಿಯಿಂದ ರಾತ್ರಿಬಸ್ಸಿನಲ್ಲಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಕೇಳಿ ಬರುವುದು ಈ ವರ್ಷಗಳಲ್ಲಿ ವಾಡಿಕೆಯಾಗಿತ್ತು. ಊರಿಗೆ ಜಾತ್ರೆಗೆಂದು ಹೋಗುವ ಹಾದಿಗೆ ಇನ್ನೊಂದು ಕವಲು ಸೇರಿದಂತಾಯಿತು.

ಸ್ಥಳೀಯ ತಂಡಗಳೂ ಈ ಕೂಟಗಳ ನೆರಳಿನಲ್ಲಿ ಬೆಳೆದವು. ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ, ಮುಂಬಯಿಯ ಡೆಮೋನಿಕ್ ರಿಸರೆಕ್ಷನ್ 2000ದಲ್ಲಿ ಹುಟ್ಟಿದವು. ಕನ್ನಡದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿಯೆಂದರೆ, ರಘು ದೀಕ್ಷಿತ್ ಅವರ 2008ರ ಆಲ್ಬಂ ಮತ್ತು ಕೂಟಗಳ ಮೂಲಕ ಶಿಶುನಾಳ ಶರೀಫರ ತತ್ತ್ವಪದಗಳು ಗಿಟಾರಿನ ಜೊತೆಗೆ ಬಯಲು ವೇದಿಕೆ ಏರಿದವು. ಪದಗಳನ್ನು ಗುಂಪಾಗಿ ಹಾಡುವುದು ಕನ್ನಡಕ್ಕೆ ಹೊಸತಲ್ಲ. ಹೊಸತಾದದ್ದು ಧ್ವನಿವರ್ಧಕದ ಪ್ರಮಾಣ.

6. ಋತು ಮತ್ತು ಇರುಳು

ಯುರೋಪು, ಅಮೆರಿಕಗಳಲ್ಲಿ ಈ ಉತ್ಸವಗಳು ಬೇಸಗೆಯವು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್, 1980ರಿಂದ ಇಂಗ್ಲೆಂಡಿನ ಡಾನಿಂಗ್ಟನ್, 1990ರಲ್ಲಿ ಸುಮಾರು 800 ಜನರಿಂದ ಆರಂಭವಾಗಿ ಮುಂದೆ ಲೋಕಪ್ರಸಿದ್ಧವಾದ ಜರ್ಮನಿಯ ವಾಕೆನ್ - ಎಲ್ಲವೂ ದೀರ್ಘ ಹಗಲುಗಳನ್ನು ಆಶ್ರಯಿಸಿದವು. ನಮ್ಮಲ್ಲಿ ಮೇ ತಿಂಗಳ ಸೆಕೆಯೂ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯೂ ಬಯಲಿಗೆ ಪ್ರತಿಕೂಲ. ಆದ್ದರಿಂದ ಮುಂಬಯಿಯ ದೊಡ್ಡ ಕೂಟಗಳು ಬಹುತೇಕ ನವೆಂಬರಿನಿಂದ ಮಾರ್ಚಿಯೊಳಗೆ ನಡೆದಿರುವುದನ್ನು ಮೇಲಿನ ದಿನಾಂಕಗಳೇ ತೋರಿಸುತ್ತವೆ.

ಈಗ ಕರಾವಳಿಯತ್ತ ನೋಡೋಣ. ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಆರಂಭವಾಗಿ ಮೇ ತಿಂಗಳ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಆಟ ಆಡುವ ಸಂಪ್ರದಾಯ ಹಿಂದಿನಿಂದಲೂ ಇದೆ. ಹೀಗೆ ಬಯಲಿನ ಪಂಚಾಂಗ ಚೆಂಡೆಗೂ ಗಿಟಾರಿಗೂ ಹೆಚ್ಚುಕಡಿಮೆ ಒಂದೇ. ಹೋಲಿಕೆ ಅಲ್ಲಿಗೆ ನಿಲ್ಲುವುದಿಲ್ಲ. ಹರಕೆಯ ಬಯಲಾಟ ಎಲ್ಲರಿಗೂ ಮುಕ್ತ. ಡೇರೆ ಮೇಳದಲ್ಲಿ ಟಿಕೆಟು, ಕುರ್ಚಿ, ದರ್ಜೆ. ರಂಗಭವನದಿಂದ ಕುರ್ಲಾದ ಬೇಲಿಗಳವರೆಗಿನ ಚಲನೆಯಲ್ಲಿ ಇದರ ಪ್ರತಿರೂಪವನ್ನು ಕಾಣಬಹುದು.

ಎಲ್ಲಕ್ಕಿಂತ ಮಿಗಿಲಾಗಿ ಎರಡನ್ನೂ ಬಾಧಿಸಿದ್ದು ರಾತ್ರಿ 10 ಗಂಟೆಯ ಗಡಿ. ಇದೇ ನಿಯಮಗಳ ಕಾರಣದಿಂದ 2022ರ ತಿರುಗಾಟದಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಹೊರಳಿದವು. ಭಕ್ತರ ವಿರೋಧ, ನ್ಯಾಯಾಲಯದ ವಿಚಾರಣೆಗಳ ನಂತರ 2024ರ ಜನವರಿಯಲ್ಲಿ ಇಡೀ ರಾತ್ರಿಯ ಆಟ ಮರಳಿತು. ಚೌಕಿಯಿಂದ ಮಂಗಳದವರೆಗೆ ಇರುಳನ್ನು ಕಟ್ಟುವ ಕಲೆಗೆ ಕಾಲಮಿತಿ ಎಂದರೆ ಸ್ವರೂಪವೇ ಬದಲಾದಂತೆ. ರಾಕ್ ಕೂಟಕ್ಕೆ ಅಷ್ಟು ಆಳವಾದ ಹಾನಿಯಿಲ್ಲ. ಅದು ಸಂಜೆಗೇ ಆರಂಭವಾಗಿ ಹತ್ತಕ್ಕೆ ಮುಗಿಯಲು ಕಲಿತುಕೊಂಡಿತು. ಆದರೆ ತಂದೆ ಕುರ್ಲಾದ ಸಂಘದ ಸಭಾಗೃಹದಲ್ಲಿ ಆಟವನ್ನು ಅರ್ಧಕ್ಕೆ ಮುಗಿಸಿ ಬರುವುದಕ್ಕೂ, ಮಗ ನದಿಯಾಚೆಯ ಬಯಲಿನಿಂದ ಹತ್ತಕ್ಕೆ ಹೊರಬರುವುದಕ್ಕೂ ಕಾರಣ ಒಂದೇ ಎಂಬುದನ್ನು ಇಬ್ಬರೂ ಅರಿತಂತಿಲ್ಲ. ಒಬ್ಬರ ರುಚಿ ಇನ್ನೊಬ್ಬರಿಗೆ ಗದ್ದಲವಾಗಿ ಕೇಳುವುದರಿಂದ, ಇಬ್ಬರಿಗೂ ಸಮಾನವಾದ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ.

7. ಬಯಲಿನ ಋಣ

ಕುರ್ಲಾದ ಬಯಲನ್ನು ಕುರಿತು ಇನ್ನೊಂದು ಮಾತನ್ನು ಹೇಳದಿದ್ದರೆ ಚರಿತ್ರೆ ಅಪೂರ್ಣ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಮೀಠಿ ಉಕ್ಕಿ ಕುರ್ಲಾ, ಕಲೀನಾ ಪ್ರದೇಶಗಳು ಮುಳುಗಿದವು. ಜವುಗನ್ನು ತುಂಬಿಸಿ ನದಿಯ ಪಾತ್ರವನ್ನು ಕಿರಿದುಗೊಳಿಸಿದ್ದು ಅನಾಹುತದ ಕಾರಣಗಳಲ್ಲೊಂದೆಂದು ಆಗ ವ್ಯಾಪಕವಾಗಿ ಚರ್ಚೆಯಾಯಿತು. ಎರಡೇ ವರ್ಷಗಳ ಬಳಿಕ ಸಾವಿರಾರು ಕೇಳುಗರು ನಿಂತದ್ದು ಅದೇ ತುಂಬಿಸಿದ ನೆಲದ ಮೇಲೆ. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ, ಆ ಬಯಲಿನಲ್ಲಿಯೇ ಸಾವಿರಕ್ಕೂ ಹೆಚ್ಚು ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಆಸ್ಪತ್ರೆಯ ನೆರೆಯಿಂದಾಗಿ ರಂಗಭವನವನ್ನು ತೊರೆದ ಸಂಗೀತ ನೆಲೆಸಿದ್ದ ಜಾಗ ಸ್ವತಃ ಆಸ್ಪತ್ರೆಯಾಯಿತು. ಆ ಬಳಿಕ ಮುಂಬಯಿ-ಅಹಮದಾಬಾದ್ ಅತಿವೇಗದ ರೈಲಿನ ನೆಲದಡಿಯ ನಿಲ್ದಾಣಕ್ಕೆಂದು ಸಂಕೀರ್ಣದ ನೆಲವನ್ನು ಅಗೆಯಲಾಯಿತು. ಉಳಿದ ಮೈದಾನದಲ್ಲಿ 2024ರ ನವೆಂಬರಿನಲ್ಲಿಯೂ ದೊಡ್ಡ ಕೂಟ ನಡೆದದ್ದುಂಟು. ಆದರೆ 2023ರಿಂದ ಲೊಲ್ಲಾಪಲೂಝಾದಂಥ ಉತ್ಸವಗಳು ಮಹಾಲಕ್ಷ್ಮಿಯ ಕುದುರೆ ಪಂದ್ಯದ ಮೈದಾನವನ್ನೂ, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬಯಿಯ ಕ್ರೀಡಾಂಗಣವನ್ನೂ ಆರಿಸಿಕೊಂಡವು.

ಇಷ್ಟರಿಂದ ನಾವು ತಲುಪಬಹುದಾದ ನಿರ್ಣಯಗಳು ಎರಡು. ಮೊದಲನೆಯದು, ಮುಂಬಯಿಯ ರಾಕ್ ಕೂಟಗಳ ಚರಿತ್ರೆ ನಗರದ ನೆಲದ ಚರಿತ್ರೆಯ ಒಂದು ಅಧ್ಯಾಯ. ಕೂಟಗಳು ನಡೆದದ್ದು ನಗರ ಅವುಗಳಿಗೆಂದು ಕೊಟ್ಟ ಸ್ಥಳದಲ್ಲಲ್ಲ, ಇನ್ನೂ ಬೇರೆಯದಕ್ಕೆ ಕೊಡದೆ ಉಳಿಸಿದ್ದ ಸ್ಥಳದಲ್ಲಿ. ಎರಡನೆಯದು, ಈ ಕೇಳುಗರನ್ನು ಪರಕೀಯ ರುಚಿಗೆ ಮರುಳಾದವರೆಂದು ಬದಿಗಿರಿಸಿದರೆ ಕನ್ನಡ ಸಂಸ್ಕೃತಿಯ ಅಧ್ಯಯನಕ್ಕೇ ನಷ್ಟ. ಬಯಲಿನಲ್ಲಿ ಇರುಳು ನೆರೆದು ಕೇಳುವ ಹಂಬಲ ನಮ್ಮ ಹಿರಿಯರದೂ ಹೌದು. ಕುರ್ಲಾ ಪರಿಸರದ ಹಿರಿಯ ಯಕ್ಷಗಾನ ಪ್ರೇಕ್ಷಕರ ನೆನಪುಗಳನ್ನೂ, ರಂಗಭವನದ ಮತ್ತು ನದಿಯಾಚೆಯ ಬಯಲಿನ ಕೇಳುಗರ ನೆನಪುಗಳನ್ನೂ ಒಟ್ಟಿಗೆ ಧ್ವನಿಮುದ್ರಿಸಿ ಸಂಗ್ರಹಿಸುವ ಕೆಲಸವನ್ನು ಯಾರಾದರೂ ತರುಣ ಸಂಶೋಧಕರು ಕೈಗೊಳ್ಳಬೇಕು. ಟಿಕೆಟಿನ ಚೂರು, ಮಾಸಿದ ಕಪ್ಪು ಅಂಗಿ, ಆಟದ ಕರಪತ್ರ - ಇವು ಬೇಗ ನಾಶವಾಗುವ ಆಕರಗಳು. ಬಯಲು ಉಳಿಯುವುದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಅಲ್ಲಿ ನಿಂತವರ ಮಾತನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.